ಡ್ರೈವರ್ ತಲೆ ಮೇಲಿನ ಫೈಲು

ಶಿರೂರು ಟೋಲಿನ ಗೇಟು ಏಳಲು ಎರಡು ಕ್ಷಣ ಸಾಕು. ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಯಂತ್ರ ಓದಿಕೊಳ್ಳುತ್ತದೆ, ದುಡ್ಡು ಹೋದ ಮೆಸೇಜು ಊರಲ್ಲಿ ಮಲಗಿರುವ ಮಾಲೀಕನ ಮೊಬೈಲಿಗೆ ಬೀಳುತ್ತದೆ, ಏರ್ ಬ್ರೇಕು ಬುಸ್ಸೆಂದು ಬಿಟ್ಟು ಹತ್ತು ಚಕ್ರದ ಲಾರಿ ಮುಂದೆ ಸರಿಯುತ್ತದೆ. ರಾತ್ರಿ ಎರಡು ಗಂಟೆ, ಮೇ ತಿಂಗಳ ಕೊನೆಯ ವಾರ. ಕಿಟಕಿಯಿಂದ ನುಗ್ಗುವ ಗಾಳಿಗೂ ಬೆವರು ಆರುತ್ತಿಲ್ಲ. ನೀವು ಡ್ರೈವರ ಎಡಗಡೆ ಕೂತಿದ್ದೀರಿ. ಹಿಂದೆ, ಮಲಗುವ ಹಲಗೆಯ ಮೇಲೆ, ಕ್ಲೀನರ್ ಹುಡುಗ ಕಾಲು ಮಡಚಿಕೊಂಡು ಮೊಬೈಲು ನೋಡುತ್ತಿದ್ದಾನೆ. ಟಾರ್ಪಾಲಿನ ಅಡಿಯಲ್ಲಿ ಕುಂದಾಪುರ ಕಡೆಯ ಹಂಚು, ಒಂದರ ಬೆನ್ನಿಗೊಂದು ನಿಲ್ಲಿಸಿ ಬಿಗಿಯಾಗಿ ಜೋಡಿಸಿದ್ದು. ಗಾಡಿ ಗೋವಾ ದಾಟಿ ಮಹಾರಾಷ್ಟ್ರದ ಸಿಂಧುದುರ್ಗಕ್ಕೆ ಹೋಗಬೇಕು. ನೀವು ಇಳಿಯುವುದು ಕುಮಟಾದಲ್ಲಿ.

"ಫೈಲು ಕೈಗೆ ಸಿಗೋ ಹಾಗೆ ಇಟ್ಕೊಳೋ," ಎನ್ನುತ್ತಾರೆ ಡ್ರೈವರು. ಹುಡುಗ ಕೈ ಚಾಚಿ ಗಾಜಿನ ಮೇಲ್ಗಡೆಯ ಗೂಡಿನಿಂದ ಅದನ್ನು ಎಳೆದು ನಿಮ್ಮ ತೊಡೆಯ ಮೇಲೆ ಹಾಕುತ್ತಾನೆ. ನೀಲಿ ಪ್ಲಾಸ್ಟಿಕ್ಕು, ಗುಂಡಿ ಕಿತ್ತುಹೋಗಿದೆ, ಮಡಿಕೆಗಳಲ್ಲಿ ಊದುಬತ್ತಿಯ ಬೂದಿ. ಒಳಗೆ ನೋಂದಣಿಯ ಆರ್‌ಸಿ, ಗಾಡಿ ಓಡಲು ಯೋಗ್ಯವೆನ್ನುವ ಎಫ್‌ಸಿ, ಇನ್ಶೂರೆನ್ಸು, ಎಮಿಷನ್ನು, ಪರ್ಮಿಟ್ಟು, ಅದರ ಬೆನ್ನಿಗೆ ನ್ಯಾಷನಲ್ ಪರ್ಮಿಟ್ಟಿನ ಆಥರೈಸೇಷನ್ನು, ಟ್ಯಾಕ್ಸ್ ಕಾರ್ಡು. ಕ್ಯಾಬಿನ್ನಿನ ಮಂದ ದೀಪದಲ್ಲಿ ಒಂದೊಂದರ ತಾರೀಖು ನೋಡುತ್ತಾ ಹೋದರೆ ತಲೆ ಕೆಡುತ್ತದೆ. ಪರ್ಮಿಟ್ಟಿಗೆ ಐದು ವರ್ಷ ಆಯುಸ್ಸು. ಆಥರೈಸೇಷನ್ನಿಗೆ ಒಂದೇ ವರ್ಷ. ಎಫ್‌ಸಿ, ಗಾಡಿಗೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಇದಕ್ಕೆ ಎಂಟು ಎಂದೋ ದಾಟಿದೆ. ಟ್ಯಾಕ್ಸು ಮೂರು ತಿಂಗಳಿಗೊಮ್ಮೆ. ಒಂದರ ಗಡುವು ಇನ್ನೊಂದಕ್ಕೆ ಕೂಡಿ ಬರುವುದಿಲ್ಲ. ಒಂದು ಸರಿ ಮಾಡಿಸಿಕೊಂಡು ಬರುವಷ್ಟರಲ್ಲಿ ಮತ್ತೊಂದು ತೀರಿರುತ್ತದೆ.

"ಈಗೆಲ್ಲಾ ಮೊಬೈಲಲ್ಲೇ ತೋರಿಸಬಹುದಲ್ಲ?" ಎಂದು ನೀವು ಕೇಳುತ್ತೀರಿ. 2018ರಿಂದ ಡಿಜಿಲಾಕರ್, ಎಂ-ಪರಿವಾಹನ್‌ಗಳಲ್ಲಿರುವ ದಾಖಲೆಯನ್ನೂ ಒಪ್ಪಬೇಕೆಂದು ನಿಯಮವೇ ಇದೆ.

"ಇದೆ ಸರ್. ಮಾಲೀಕರ ಮೊಬೈಲಲ್ಲಿ ಇದೆ."

ಆ ಮಾತಲ್ಲಿ ವ್ಯಂಗ್ಯವಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದ್ದಷ್ಟೇ. ತೊಡೆಯ ಮೇಲಿರುವ ಈ ಏಳು ಕಾಗದದಲ್ಲಿ ಒಂದರಲ್ಲೂ ಡ್ರೈವರ ಹೆಸರಿಲ್ಲ. ಅವರ ಹೆಸರಿರುವುದು ಅಂಗಿಯ ಜೇಬಿನಲ್ಲಿರುವ ಲೈಸನ್ಸಿನ ಮೇಲೆ ಮಾತ್ರ. ಆದರೆ ಕತ್ತಲಲ್ಲಿ ಟಾರ್ಚು ಬೀಸಿ ಗಾಡಿ ನಿಲ್ಲಿಸಿದವರಿಗೆ ಎಂಟಕ್ಕೂ ಉತ್ತರ ಕೊಡಬೇಕಾದವರು ಅವರೇ.

ಭಟ್ಕಳ ಪೇಟೆ ಬರುತ್ತದೆ. ಶಂಶುದ್ದೀನ್ ಸರ್ಕಲ್ಲಿನಲ್ಲಿ ಒಂದು ಹೋಟೆಲಿನ ಬೆಂಕಿ ಇನ್ನೂ ಆರಿಲ್ಲ. ಬಂದರಿನ ಕಡೆಯಿಂದ ಮೀನಿನ ಗಾಡಿಯೊಂದು ಬಂದು ನಮ್ಮೆದುರು ಸೇರಿಕೊಳ್ಳುತ್ತದೆ, ಹಿಂದಿನ ಬಾಗಿಲ ಸಂದಿನಿಂದ ಐಸಿನ ನೀರು ರಸ್ತೆಗೆ ಗೆರೆ ಎಳೆಯುತ್ತಿದೆ. ಡ್ರೈವರು ವೈಪರು ಒಂದು ಸುತ್ತು ಆಡಿಸಿ, ಗಾಡಿಯನ್ನು ಸ್ವಲ್ಪ ಹಿಂದಕ್ಕೆ ಬಿಡುತ್ತಾರೆ. ಆ ನೀರಿನ ಮೇಲೆ ಬ್ರೇಕು ಹಿಡಿದರೆ ಬೈಕಿನವರು ಬೀಳುತ್ತಾರೆ, ಲಾರಿಯವರಿಗೆ ನಾತವಷ್ಟೇ.

"ಇವರಿಗೆಲ್ಲ ಇನ್ನು ನಾಲ್ಕೇ ದಿನ," ಎನ್ನುತ್ತಾನೆ ಹುಡುಗ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ದೋಣಿ ದಡ ಸೇರಿದರೆ ಮೀನಿನ ಗಾಡಿಗಳಲ್ಲೂ ಬಹಳಷ್ಟು ಮನೆಯ ಮುಂದೆ ನಿಲ್ಲುತ್ತವೆ. ಗಾಡಿ ನಿಂತರೆ ಟ್ಯಾಕ್ಸೂ ನಿಲ್ಲುತ್ತದೆ ಎಂದುಕೊಂಡಿರಾ? ಹಾಗಿಲ್ಲ. 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ ತೆರಿಗೆ ಬೀಳುವುದು ಓಡಿದ್ದಕ್ಕಲ್ಲ, ರಸ್ತೆಯಲ್ಲಿ ಓಡಬಲ್ಲ ಗಾಡಿಯನ್ನು ಇಟ್ಟುಕೊಂಡದ್ದಕ್ಕೆ. ಓಡಿಸುವುದಿಲ್ಲ ಎಂದಾದರೆ ಮೊದಲೇ ಕಚೇರಿಗೆ ಹೋಗಿ ಬರೆದುಕೊಡಬೇಕು, ಕಾಗದಗಳನ್ನು ಒಪ್ಪಿಸಬೇಕು, ಗಾಡಿ ಇಂಥ ಜಾಗದಲ್ಲೇ ನಿಂತಿರುತ್ತದೆ ಎಂದು ತೋರಿಸಬೇಕು. ಆಮೇಲೆ ಅಲ್ಲಿಂದ ಕದಲಿಸಿದರೆ ಬರೆದುಕೊಟ್ಟದ್ದೆಲ್ಲ ನೀರುಪಾಲು. ಎರಡು ತಿಂಗಳಿಗಾಗಿ ಇಷ್ಟು ಓಡಾಡುವವರು ಕಡಿಮೆ. ಹೆಚ್ಚಿನವರು ಟ್ಯಾಕ್ಸು ಕಟ್ಟಿಯೇ ಗಾಡಿಯನ್ನು ತೆಂಗಿನ ಮರದ ಕೆಳಗೆ ಮಳೆಗೆ ಬಿಡುತ್ತಾರೆ.

ಈ "ಓಡಬಲ್ಲ" ಎಂಬುದರ ಮೇಲೆ ದೇಶದ ಕೋರ್ಟುಗಳಲ್ಲಿ ವಾದ ನಡೆಯುತ್ತಲೇ ಬಂದಿದೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಕಾಂಪೌಂಡಿನೊಳಗೇ ಓಡುತ್ತಿದ್ದ 36 ಗಾಡಿಗಳ ವಿಷಯದಲ್ಲಿ, ಸಾರ್ವಜನಿಕ ರಸ್ತೆಗೆ ಬಾರದ ಗಾಡಿಗೆ ಆ ಅವಧಿಯ ತೆರಿಗೆ ಕೇಳುವಂತಿಲ್ಲ ಎಂದಿತು. ಅದು ಆಂಧ್ರದ ಕಾಯ್ದೆಯ ಮಾತು, ಗೋಡೆ ಕಟ್ಟಿದ ಕಾರ್ಖಾನೆಯ ಮಾತು. ಭಟ್ಕಳದ ಅಂಗಳಕ್ಕೆ ಗೋಡೆ ಎಲ್ಲಿದೆ?

ಶಿರಾಲಿ ದಾಟುತ್ತದೆ. ಎಡಗಡೆ ದೂರದಲ್ಲಿ ಮುರ್ಡೇಶ್ವರದ ದೀಪಗಳು. ಮಂಕಿ ಸಮೀಪಿಸುವಾಗ ಎದುರಿನಿಂದ ಬಂದ ಗ್ಯಾಸ್ ಟ್ಯಾಂಕರೊಂದು ಹೆಡ್‌ಲೈಟು ಎರಡು ಸಲ ಮಿಟುಕಿಸುತ್ತದೆ. ಡ್ರೈವರು ಗೇರು ಇಳಿಸುತ್ತಾರೆ. "ಬ್ರೇಕ್ ಇನ್ಸ್‌ಪೆಕ್ಟರು."

ಇಲಾಖೆಯ ಪುಸ್ತಕದಲ್ಲಿ ಆ ಹುದ್ದೆ ಮೋಟಾರು ವಾಹನ ನಿರೀಕ್ಷಕ. ಲಾರಿಯವರ ಬಾಯಲ್ಲಿ ಎಂದಿನಿಂದಲೂ ಬ್ರೇಕ್ ಇನ್ಸ್‌ಪೆಕ್ಟರೇ. ರಸ್ತೆಯಂಚಿಗೆ ಜೀಪು, ಹಳದಿ ಪಟ್ಟಿಯ ಜಾಕೀಟು, ಟಾರ್ಚು. ಡ್ರೈವರು ಎಂಜಿನ್ ಆಫ್ ಮಾಡಿ ಇಳಿಯುತ್ತಾರೆ, ನಿಮ್ಮ ತೊಡೆಯ ಮೇಲಿನ ಫೈಲು ಅವರ ಕಂಕುಳಿಗೆ ಹೋಗುತ್ತದೆ. ನೀವೂ ಇಳಿಯಿರಿ, ಕಾಲು ಚಾಚಿದ ಹಾಗಾಗುತ್ತದೆ.

"ಏನು ಲೋಡು?"

"ಹಂಚು, ಸಾಹೇಬ್ರೆ. ಕುಡಾಳಕ್ಕೆ."

ಅಧಿಕಾರಿ ನಂಬರ್ ಪ್ಲೇಟಿನ ಮೇಲೆ ಬೆಳಕು ಬಿಡುತ್ತಾರೆ: ಕೆಎ-47. ಹೊನ್ನಾವರ ಕಚೇರಿಯ ಗಾಡಿ. ಟ್ಯಾಬಿನಲ್ಲಿ ನಂಬರು ಒತ್ತಿದರೆ ಎಲ್ಲ ತಾರೀಖುಗಳೂ ಸಾಲಾಗಿ ಬರುತ್ತವೆ. ಫೈಲು ತೆರೆಯುವ ಅಗತ್ಯವೇ ಬೀಳುವುದಿಲ್ಲ. ಆದರೂ ಡ್ರೈವರು ಅದನ್ನು ಎರಡೂ ಕೈಯಲ್ಲಿ ಹಿಡಿದೇ ನಿಂತಿದ್ದಾರೆ. ಅಧಿಕಾರಿ ಗಾಡಿಯ ಸುತ್ತ ಒಂದು ಸುತ್ತು ಹಾಕುತ್ತಾರೆ. ಹಿಂದಿನ ಹಲಗೆಗೆ ಅಂಟಿಸಿದ ಕೆಂಪು ಹೊಳೆಯುವ ಟೇಪು ಒಂದು ಕಡೆ ಎದ್ದಿದೆ, ಬೆರಳಿನಿಂದ ಒತ್ತಿ ಕೂರಿಸುತ್ತಾರೆ. ಹಿಂದಿನ ಟಯರಿನ ಹೊಟ್ಟೆ ನೋಡುತ್ತಾರೆ. ಆ ನೋಟ ಯಾಕೆಂದು ಡ್ರೈವರಿಗೆ ಗೊತ್ತು, ಕೇಳುವ ಮೊದಲೇ ತೂಕದ ಚೀಟಿ ಜೇಬಿನಿಂದ ಹೊರಬರುತ್ತದೆ.

ಭಾರದ ಲೆಕ್ಕ ಇಷ್ಟೇ. ಹತ್ತು ಚಕ್ರದ, ಅಂದರೆ ಮೂರು ಆಕ್ಸಲಿನ ಲಾರಿಗೆ ಗಾಡಿ, ಲೋಡು ಎಲ್ಲ ಸೇರಿ ಮೊದಲು 25 ಟನ್ ಮಿತಿಯಿತ್ತು. 2018ರ ಜುಲೈನಲ್ಲಿ ಕೇಂದ್ರ ಅದನ್ನು 28.5 ಟನ್ನಿಗೆ ಏರಿಸಿತು. ಆರು ಚಕ್ರದ್ದು 16.2ರಿಂದ 18.5ಕ್ಕೆ ಹೋಯಿತು. ಅದಕ್ಕಿಂತ ಮೇಲೆ ಹೇರಿದರೆ, 2019ರ ತಿದ್ದುಪಡಿಯ ನಂತರ ಕಾಯ್ದೆ ಹೇಳುವ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಟನ್ನೊಂದಕ್ಕೆ 2,000. ಮೂರು ಟನ್ ಹೆಚ್ಚಾದರೆ 26,000. ಅಷ್ಟಕ್ಕೇ ಮುಗಿಯುವುದಿಲ್ಲ, ಹೆಚ್ಚಿನ ಮಾಲನ್ನು ಅಲ್ಲೇ ಇಳಿಸಬೇಕು. ರಾತ್ರಿ ಮೂರಕ್ಕೆ ಮಂಕಿಯ ರಸ್ತೆ ಬದಿಯಲ್ಲಿ ಮೂರು ಟನ್ ಹಂಚನ್ನು ಇಳಿಸುವವರು ಯಾರು, ಕಾಯುವವರು ಯಾರು? ದಂಡಕ್ಕಿಂತ ಡ್ರೈವರುಗಳು ಹೆದರುವುದು ಈ ಇಳಿಸುವ ಕೆಲಸಕ್ಕೆ. ಪರ್ಮಿಟ್ಟೇ ಇಲ್ಲದೆ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಜೊತೆಗೆ ಆರು ತಿಂಗಳವರೆಗಿನ ಜೈಲೂ ಕಾಯ್ದೆಯಲ್ಲಿದೆ.

ಅಧಿಕಾರಿ ಚೀಟಿ ಮರಳಿಸುತ್ತಾರೆ. "ಟೇಪು ಹೊಸದು ಹಾಕಿಸಿ. ಮುಂದಿನ ತಿಂಗಳು ಆಥರೈಸೇಷನ್ ಮುಗೀತದೆ, ಮಾಲೀಕರಿಗೆ ಹೇಳಿ."

"ಹೇಳ್ತೆ ಸಾಹೇಬ್ರೆ."

ಗಾಡಿ ಮತ್ತೆ ಹೊರಟ ಮೇಲೆ ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ. ಇಡಗುಂಜಿಗೆ ತಿರುಗುವ ದಾರಿ ಬಂದಾಗ ಡ್ರೈವರು ಸ್ಟೇರಿಂಗಿನಿಂದ ಒಂದು ಕೈ ತೆಗೆದು ಎದೆಗೆ ಮುಟ್ಟಿಸಿಕೊಳ್ಳುತ್ತಾರೆ. ಕಾಸರಕೋಡು. ಆಮೇಲೆ ಶರಾವತಿ ಸೇತುವೆ, ಕೆಳಗೆ ಹೊಳೆ ಕಡಲು ಸೇರುವ ಅಗಲವಾದ ಕಪ್ಪು. ಕ್ಯಾಬಿನ್ನಿನಲ್ಲಿ ಕೂತಾಗ ಸೇತುವೆಯ ಪ್ರತಿ ಕೂಡಿಕೆಯೂ ಬೆನ್ನುಮೂಳೆಗೆ ತಾಗುತ್ತದೆ. ಈ ಸಾಲಿನ ಡ್ರೈವರುಗಳು ಈಗ ಸೇತುವೆಗಳನ್ನು ಮೊದಲಿನ ಹಾಗೆ ನಂಬುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ (ಈಗ ಟೋಲು ಕಟ್ಟಿ ಬಂದ ಶಿರೂರಲ್ಲ, ಇನ್ನೊಂದು) ಗುಡ್ಡ ಜಾರಿ ಲಾರಿ, ಗ್ಯಾಸ್ ಟ್ಯಾಂಕರುಗಳನ್ನು ಗಂಗಾವಳಿಗೆ ತಳ್ಳಿತು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ಹೊಳೆಯ ಹಳೇ ಸೇತುವೆ ಮುರಿದು ಲಾರಿಯೊಂದು ನೀರಿಗೆ ಬಿತ್ತು. ಡ್ರೈವರನ್ನು ಎತ್ತಿ ಬದುಕಿಸಿದರು. ಎರಡರಲ್ಲೂ ಗಾಡಿಗಳ ಕಾಗದ ನೆಟ್ಟಗಿದ್ದಿರಬಹುದು. ಗುಡ್ಡಕ್ಕೂ ಸೇತುವೆಗೂ ಎಫ್‌ಸಿ ಕೇಳುವವರು ಯಾರೆಂದು ಈ ಸಾಲಿನ ಹೋಟೆಲುಗಳಲ್ಲಿ ಆಗಾಗ ಮಾತು ಬರುತ್ತದೆ, ಉತ್ತರ ಬರುವುದಿಲ್ಲ.

ಹೊನ್ನಾವರದಲ್ಲಿ ಗೇರುಸೊಪ್ಪೆ ಕಡೆಯಿಂದ ಘಟ್ಟ ಇಳಿದು ಬಂದ ಲಾರಿಗಳು ಸೇರಿಕೊಳ್ಳುತ್ತವೆ. ರಸ್ತೆ ಬದಿಯಲ್ಲಿ ಸಾಲಾಗಿ ನಿಂತು ಮಲಗಿರುವ ಗಾಡಿಗಳ ನಂಬರು ಓದುತ್ತಾ ಹೋಗಿ: ಕೆಎಲ್, ಜಿಜೆ, ಎಂಎಚ್, ಟಿಎನ್, ಆರ್‌ಜೆ. ನಡುನಡುವೆ ಎನ್‌ಎಲ್-01, ಮಾರುದ್ದದ ಟ್ರೇಲರುಗಳು. ನಾಗಾಲ್ಯಾಂಡಿನ ಇಷ್ಟೊಂದು ಗಾಡಿಗೆ ಹೊನ್ನಾವರದಲ್ಲಿ ಏನು ಕೆಲಸ ಎಂದು ಹುಡುಗನನ್ನು ಕೇಳಿದರೆ ನಗುತ್ತಾನೆ. ಅವುಗಳಲ್ಲಿ ಬಹುಪಾಲು ಕೊಹಿಮಾದ ಗುಡ್ಡವನ್ನು ನೋಡಿದವಲ್ಲ. ಅಲ್ಲಿ ತೆರಿಗೆ ಕಡಿಮೆ, ನೋಂದಣಿ ಸುಲಭ. ಒಮ್ಮೆ ನ್ಯಾಷನಲ್ ಪರ್ಮಿಟ್ಟು ಸಿಕ್ಕಿತೆಂದರೆ ದೇಶವಿಡೀ ಓಡಬಹುದು. ಗಾಡಿಗೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೆ ಕೊಟ್ಟಿದೆ, ಒಂದೊಂದು ರಾಜ್ಯದ ದರ ಒಂದೊಂದು. ದರ ಬೇರೆಯಾದರೆ ವ್ಯಾಪಾರಿ ಕಡಿಮೆ ಇರುವಲ್ಲಿಗೆ ಹೋಗುತ್ತಾನೆ. ಇದನ್ನು ಕಳ್ಳತನ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಹೊನ್ನಾವರದಲ್ಲೇ ನೋಂದಣಿ ಮಾಡಿಸಿ ಇಲ್ಲೇ ಮೂರು ತಿಂಗಳಿಗೊಮ್ಮೆ ಕಟ್ಟುವ ಒಂದೇ ಲಾರಿಯ ಮಾಲೀಕನಿಗೆ ಇಂಥ ಆಯ್ಕೆ ಇಲ್ಲ. ಅದು ಇರುವುದು ನೂರು ಗಾಡಿಯವನಿಗೆ.

ಡ್ರೈವರಿಗೆ ಹಳೆಯ ಕಾಲದ ನೆನಪು ಬರುತ್ತದೆ. ಆಗ ನ್ಯಾಷನಲ್ ಪರ್ಮಿಟ್ಟು ಎಂದರೆ ಡಿಡಿಗಳ ಕಟ್ಟು. ತನ್ನ ರಾಜ್ಯ ಬಿಟ್ಟು ಕನಿಷ್ಠ ಮೂರು ರಾಜ್ಯ ಆರಿಸಿಕೊಳ್ಳಬೇಕು, ಒಂದೊಂದಕ್ಕೆ ವರ್ಷಕ್ಕೆ 5,000 ರೂಪಾಯಿಯಷ್ಟು, ರಾಜ್ಯಕ್ಕೊಂದು ಡಿಮಾಂಡ್ ಡ್ರಾಫ್ಟು. ಬ್ಯಾಂಕಿನಲ್ಲಿ ಬೆಳಗಿನಿಂದ ಕೂತು ಬರೆಸಬೇಕು. ಗೋವಾ, ಮಹಾರಾಷ್ಟ್ರ, ಕೇರಳ ಎಂದು ಬರೆಸಿಕೊಂಡ ಗಾಡಿಗೆ ಗುಜರಾತಿನ ಬಾಡಿಗೆ ಸಿಕ್ಕರೆ ಬಿಡಬೇಕು, ಇಲ್ಲವೇ ತಾತ್ಕಾಲಿಕ ಪರ್ಮಿಟ್ಟಿಗೆ ಗಡಿಯಲ್ಲಿ ಸಾಲು ನಿಲ್ಲಬೇಕು.

"ಗೋವಾ ಗಡೀಲಿ, ಮಾಜಾಳಿ ಗೇಟಲ್ಲಿ ಒಂದು ರಾತ್ರಿ ಕಳೆದ್ರೆ ಅದೇ ದೊಡ್ಡ ಪುಣ್ಯ," ಎನ್ನುತ್ತಾರೆ. "ಅಲ್ಲೇ ಅನ್ನ ಬೇಯಿಸ್ಕೊಂಡು ಉಣ್ಣೂದು."

2010ರ ಮೇ ತಿಂಗಳಲ್ಲಿ ಅದು ಬದಲಾಯಿತು. ವರ್ಷಕ್ಕೆ ಒಟ್ಟು 15,000 ರೂಪಾಯಿ ಕಟ್ಟಿದರೆ ಇಡೀ ದೇಶ, 2012ರಿಂದ 16,500. ಇದಲ್ಲದೆ ತನ್ನ ರಾಜ್ಯಕ್ಕೆ ಆಥರೈಸೇಷನ್ ಶುಲ್ಕ 1,000. ದುಡ್ಡು ಆನ್‌ಲೈನಿನಲ್ಲಿ ಕೇಂದ್ರದ ಖಾತೆಗೆ ಹೋಗಿ, ಅಲ್ಲಿಂದ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ವಾಣಿಜ್ಯ ತೆರಿಗೆಯ ಗೇಟುಗಳೂ ಎದ್ದವು. ಮರುವರ್ಷ ಏಪ್ರಿಲ್ 1ಕ್ಕೆ ಇ-ವೇ ಬಿಲ್ಲು ಬಂತು. ರಾಜ್ಯದೊಳಗಿನ ಸಾಗಣೆಗೂ ಅದನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕವೇ. 50,000 ರೂಪಾಯಿ ಮೇಲ್ಪಟ್ಟ ಮಾಲಿಗೆ ಈ ಬಿಲ್ಲು ಬೇಕು, ಇನ್ನೂರು ಕಿಲೋಮೀಟರಿಗೆ ಒಂದು ದಿನದಂತೆ ಅದರ ಆಯುಸ್ಸು. ಘಟ್ಟ ಕುಸಿದು ಗಾಡಿ ನಿಂತರೂ ಬಿಲ್ಲಿನ ಗಡಿಯಾರ ನಿಲ್ಲುವುದಿಲ್ಲ. ಮುಗಿಯುವ ಎಂಟು ಗಂಟೆ ಮೊದಲು ಅಥವಾ ಮುಗಿದ ಎಂಟು ಗಂಟೆಯೊಳಗೆ ಯಾರಾದರೂ ಕಂಪ್ಯೂಟರಿನ ಮುಂದೆ ಕೂತು ಅವಧಿ ಹೆಚ್ಚಿಸಬೇಕು. ಮಾಜಾಳಿಯಲ್ಲಿ ಅನ್ನ ಬೇಯಿಸುವುದು ತಪ್ಪಿತು ನಿಜ. ಕಾಯುವ ಕೆಲಸ ಮಾತ್ರ ಫೋನಿಗೆ ಬಂತು, "ಎಲ್ಲಿದ್ದೀಯಾ, ಬಿಲ್ಲು ಮುಗೀತದೆ" ಎಂಬ ಮಾಲೀಕನ ದನಿಯಾಗಿ.

ಕರ್ಕಿ, ಹಳದೀಪುರ. ಬಲಗಡೆ ಮರಗಳಾಚೆ ರೈಲಿನ ಸದ್ದು. ಎಂಜಿನ್ನಿನ ಹಿಂದೆ ತೆರೆದ ವ್ಯಾಗನುಗಳ ಮೇಲೆ ಲಾರಿಗಳು, ಟಾರ್ಪಾಲು ಬಿಗಿದುಕೊಂಡು ಸಾಲಾಗಿ ಹೋಗುತ್ತವೆ. ಕೊಂಕಣ ರೈಲ್ವೆಯ ರೋ-ರೋ ಇದು, 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡದಿಂದ ಗೋವಾದ ವೆರ್ಣಾವರೆಗೆ ಶುರುವಾಗಿ ಆಮೇಲೆ ಸುರತ್ಕಲ್ಲಿಗೆ ಮುಟ್ಟಿತು. ಕೇರಳ, ತಮಿಳುನಾಡಿನ ಎಷ್ಟೋ ಗಾಡಿಗಳು ಈ ಕರಾವಳಿಯನ್ನು ಹೀಗೆ ಮಲಗಿಕೊಂಡೇ ದಾಟುತ್ತವೆ. ಡೀಸೆಲ್ಲು, ಟಯರು, ಟೋಲು ಉಳಿಯುತ್ತದೆ. ಟ್ಯಾಕ್ಸೂ ಪರ್ಮಿಟ್ಟೂ ಉಳಿಯುವುದಿಲ್ಲ, ಇಳಿದ ಮೇಲೆ ಮತ್ತೆ ರಸ್ತೆಯೇ ತಾನೆ. ಡ್ರೈವರು ಕೂಡ ತನ್ನ ಕ್ಯಾಬಿನ್ನಿನಲ್ಲೇ ಕೂತಿರುತ್ತಾನೆ, ಬ್ರೇಕು ಕಟ್ಟಿ.

"ನಾನೂ ಒಂದು ಸಲ ಹೋಗಿದ್ದೆ," ಎನ್ನುತ್ತಾರೆ ನಮ್ಮವರು. "ನಿದ್ದೆ ಬರ್ಲಿಲ್ಲ. ಕೈಯಲ್ಲಿ ಸ್ಟೇರಿಂಗು ಇಲ್ದೆ ಗಾಡಿ ಓಡ್ತಿದ್ರೆ ಹೆದ್ರಿಕೆ."

ನಿದ್ದೆಯ ಮಾತು ಬಂತು. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರು ಇರಲೇಬೇಕೆಂದು ಕೇಂದ್ರದ ನಿಯಮವೊಂದಿತ್ತು. ಇನ್ನೊಬ್ಬ ಕಾಲು ಚಾಚಿ ಮಲಗಲು ಜಾಗವೂ ಇರಬೇಕಿತ್ತು. 2018ರ ನವೆಂಬರಿನಲ್ಲಿ ಅದನ್ನು ತೆಗೆದುಹಾಕಿದರು. ಡ್ರೈವರುಗಳೇ ಸಿಗುತ್ತಿಲ್ಲ ಎಂಬುದು ಮಾಲೀಕರ ದೂರು, ಅದು ಸುಳ್ಳೂ ಅಲ್ಲ. ಇತ್ತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 2025ರ ನವೆಂಬರಿನಲ್ಲಿ ರದ್ದಾಗುವವರೆಗೂ, ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ಹೇಳುತ್ತಲೇ ಇತ್ತು. ಭಾರಕ್ಕೆ ಚೀಟಿ ಇದೆ, ಹೊಗೆಗೆ ಚೀಟಿ ಇದೆ. ಎಷ್ಟು ಗಂಟೆ ಎಚ್ಚರವಿದ್ದೀರಿ ಎನ್ನುವುದಕ್ಕೆ ಚೀಟಿ ಇಲ್ಲ. ಮಂಕಿಯಲ್ಲಿ ಟಾರ್ಚು ಟಯರಿನ ಮೇಲೆ ಬಿತ್ತು, ಕಣ್ಣಿನ ಮೇಲೆ ಬೀಳಲಿಲ್ಲ. ಇಡೀ ವ್ಯವಸ್ಥೆ ಗಾಡಿಯನ್ನು ಕಂಡಷ್ಟು ಚೆನ್ನಾಗಿ ಗಾಡಿ ಓಡಿಸುವವನನ್ನು ಕಂಡಿಲ್ಲ.

ಹೊಳೆಗದ್ದೆ ಟೋಲು. ಮತ್ತೆ ಗೇಟು ಏಳುತ್ತದೆ, ಮತ್ತೆ ಮಾಲೀಕನ ಮೊಬೈಲಿಗೆ ಮೆಸೇಜು. ಧಾರೇಶ್ವರದ ಹತ್ತಿರ ಪೂರ್ವದ ಆಕಾಶ ಬೂದಿಯಾಗತೊಡಗಿದೆ.

ಕುಮಟಾಕ್ಕೆ ಗಡಿ, ಸಾಗಣೆ ಹೊಸ ಮಾತಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಎರೆಹೊಲದ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಇಲ್ಲಿಯ ಬಂದರಿಗೆ ಬರುತ್ತಿತ್ತು, ಇಲ್ಲಿಂದ ಹಡಗೇರಿ ಮುಂಬಯಿಗೆ. ಬೆಳೆದ ಊರಿನ ಹೆಸರು ಬಿಟ್ಟು ಮುಂಬಯಿ ಪೇಟೆ ಅದನ್ನು ಕುಮಟಾ ಹತ್ತಿ ಎಂದೇ ಕರೆಯಿತು. ತೊಡಕು ಎಲ್ಲಿತ್ತೆಂದರೆ, ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಅದು ಇಳಿಯುವ ಬಂದರು ಮದ್ರಾಸ್ ಪ್ರಾಂತ್ಯದಲ್ಲಿ. ರಸ್ತೆ ಮಾಡಿಸುವವರು ಒಬ್ಬರು, ಲಾಭ ಇನ್ನೊಬ್ಬರಿಗೆ. ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ ಬ್ರಿಟಿಷರು ಪರ್ಮಿಟ್ಟು ಗಿರ್ಮಿಟ್ಟು ಎನ್ನಲಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದರು. ಸರಕು ಗಡಿ ದಾಟುವ ಬದಲು ಗಡಿಯೇ ಸರಕಿಗೆ ದಾರಿ ಬಿಟ್ಟ ಪ್ರಸಂಗ ನಮ್ಮ ಕರಾವಳಿಯಲ್ಲಿ ಅದೊಂದೇ ಇರಬೇಕು.

ಕುಮಟಾ. ಬಸ್ಸುಗಳು ಇನ್ನೂ ಹೊರಟಿಲ್ಲ. ಚಹಾದಂಗಡಿಯ ಮುಂದೆ ಗಾಡಿ ನಿಲ್ಲುತ್ತದೆ. ಡ್ರೈವರು ಮುಖಕ್ಕೆ ನೀರು ಹೊಡೆದುಕೊಂಡು ಬೆಂಚಿನ ಮೇಲೆ ಕೂರುತ್ತಾರೆ, ಹುಡುಗ ಕಬ್ಬಿಣದ ರಾಡು ಹಿಡಿದು ಹತ್ತೂ ಟಯರಿಗೆ ಬಡಿದು ಸದ್ದು ಕೇಳಿಸಿಕೊಂಡು ಬರುತ್ತಾನೆ. ಪಕ್ಕದ ಬೆಂಚಿನಲ್ಲಿ ಟ್ಯಾಂಕರಿನ ಡ್ರೈವರೊಬ್ಬರು ಬನ್ನು ಅದ್ದಿ ತಿನ್ನುತ್ತಿದ್ದಾರೆ. ಅವರ ಲೈಸನ್ಸಿಗೆ ಅಪಾಯಕಾರಿ ಸರಕಿನ ಪ್ರತ್ಯೇಕ ಬರಹ ಬೇಕು, ಅದಕ್ಕೆ ಬೇರೆ ತರಬೇತಿ. 2015ರ ಸೆಪ್ಟೆಂಬರಿನಲ್ಲಿ ಇಲ್ಲೇ ಮುಂದೆ ಬರ್ಗಿಯಲ್ಲಿ ಗ್ಯಾಸ್ ಟ್ಯಾಂಕರು ಮಗುಚಿ ಹೊತ್ತಿಕೊಂಡಾಗ ಹಲವರು ಬೆಂದುಹೋದರು. ಆ ಊರಿನ ಹೆಸರು ಈ ಬೆಂಚುಗಳಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ.

"ಅಣ್ಣ, ನನಗೆ ಹೆವಿ ಲೈಸನ್ಸು ಯಾವಾಗ ಸಿಗ್ತದೆ?" ಹುಡುಗ ಚಹಾ ಊದುತ್ತಾ ಕೇಳುತ್ತಾನೆ. ಅವನಿಗೆ ಹತ್ತೊಂಬತ್ತು.

ಡ್ರೈವರು ಬೆರಳು ಮಡಚುತ್ತಾರೆ. ಇಪ್ಪತ್ತು ತುಂಬದೆ ಸಾಗಣೆ ಗಾಡಿ ಮುಟ್ಟುವ ಹಾಗಿಲ್ಲ. ಅದಕ್ಕೂ ಮೊದಲು ಹಗುರ ವಾಹನದ ಎಲ್‌ಎಂವಿ ಲೈಸನ್ಸು ಕೈಗೆ ಬಂದು ಒಂದು ವರ್ಷ ಆಗಿರಬೇಕು. ಆಮೇಲೆ ಕಲಿಯುವವರ ಎಲ್‌ಎಲ್ಲು, ಡಾಕ್ಟರ ಸರ್ಟಿಫಿಕೇಟು, ಹೊನ್ನಾವರದಲ್ಲಿ ಟೆಸ್ಟು. ಸಿಕ್ಕಿದ ಮೇಲೆ ಐದು ವರ್ಷಕ್ಕೊಮ್ಮೆ ರಿನ್ಯೂವಲ್ಲು. ಎಂಟನೇ ಕ್ಲಾಸು ಓದಿರಬೇಕೆಂಬ ಷರತ್ತನ್ನು 2019ರಲ್ಲಿ ತೆಗೆದಿದ್ದಾರೆ, ಅದೊಂದು ಹುಡುಗನಿಗೆ ಅನುಕೂಲವೇ.

"ಸುಪ್ರೀಂ ಕೋರ್ಟಲ್ಲಿ ಎಲ್‌ಎಂವಿಲೇ ಗೂಡ್ಸ್ ಓಡಿಸ್ಬಹುದು ಅಂತ ಆಯ್ತಂತಲ್ಲ?"

"ಆಯ್ತು. ಏಳೂವರೆ ಟನ್ ಒಳಗಿದ್ದು. ಮೀನಿನ ಸಣ್ಣ ಗಾಡಿ ಓಡಿಸೂಕೆ ಸಾಕು. ಇದಕ್ಕೆ ಆಗೂದಿಲ್ಲ." 2024ರ ನವೆಂಬರ್ 6ರ ತೀರ್ಪು ಅದು, ಐವರು ನ್ಯಾಯಾಧೀಶರ ಪೀಠದ್ದು. ಕುಮಟಾದ ಚಹಾದಂಗಡಿಗೆ ಅದು ಯಾವಾಗ ತಲುಪಿತೋ, ತಪ್ಪಿಲ್ಲದೆ ತಲುಪಿದೆ.

ಹುಡುಗ ಲೋಟ ಕೆಳಗಿಡುತ್ತಾನೆ. "ಹಂಗಾದ್ರೆ ಮೊದ್ಲು ಎಲ್‌ಎಂವಿ ಮಾಡಿಸ್ತೆ. ಮಳೆಗಾಲದಲ್ಲಿ ರಜೆ ಕೊಡ್ತೀರಾ?"

"ಮಾಲೀಕರತ್ರ ಕೇಳು," ಎನ್ನುತ್ತಾರೆ ಡ್ರೈವರು, ಚಿಲ್ಲರೆ ಎಣಿಸಿ ಮೇಜಿನ ಮೇಲಿಟ್ಟು. "ಆಥರೈಸೇಷನ್ ವಿಷಯ ಹೇಳೂಕೆ ಹೆಂಗೂ ಫೋನ್ ಮಾಡ್ಬೇಕು."